ಕಾಗೆ ಒಪ್ಪಿದ ಹೋಲಿಕೆ

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಒಂದೇ ಲೀಟರ್ ಹಾಲು ಬಂತು. ಅದಕ್ಕೂ ಮೊದಲು ಹತ್ತು ದಿನ ಆರು ಲೀಟರ್ ಬರುತ್ತಿತ್ತು. ನೆಂಟರೆಲ್ಲ ಹೋಗಿದ್ದರು. ನಳಕ್ಕೆ ನೀರು ಬಂತು. ಏಳೂಕಾಲರ ಬಾದಾಮಿ ಬಸ್ಸು ಎಂದಿನಂತೆ ಏಳೂಮುಕ್ಕಾಲಿಗೆ ಹೋಯಿತು. ನಾನು ಆರು ರೊಟ್ಟಿ ಬಡಿದೆ. ಮೂವರಿಗಲ್ಲ, ಇಬ್ಬರಿಗೆ ಎಂಬುದು ಐದನೆಯದು ಹಂಚಿನ ಮೇಲಿದ್ದಾಗ ನೆನಪಾಯಿತು. ಆಮೇಲೆ ಅದೂ ತಪ್ಪು ಲೆಕ್ಕವೆಂದು ತಿಳಿಯಿತು. ನನ್ನ ಅತ್ತೆ ಗುರುಲಿಂಗವ್ವ ತಾಟನ್ನು ಹಿಂದಕ್ಕೆ ಸರಿಸಿ, ಘಾನಾ ದೇಶದ ಕೆಲಸ ಮುಗಿಯುವ ತನಕ ತಾವು ರೊಟ್ಟಿ ಮುರಿಯುವುದಿಲ್ಲ ಎಂದರು.

ಅತ್ತೆಗೆ ಸಕ್ಕರೆ ಕಾಯಿಲೆ. ಊಟ ಮಾಡದೆ ಮಾತ್ರೆ ನುಂಗುವಂತಿಲ್ಲ, ಮಾತ್ರೆ ನುಂಗದೆ ಇರುವಂತಿಲ್ಲ. ಆದ್ದರಿಂದ ಘಾನಾ ನಮ್ಮ ಮನೆಯಲ್ಲಿ ಹುಡುಗಾಟದ ವಿಷಯವಾಗಿರಲಿಲ್ಲ.

ಅದು ನಮ್ಮ ಮನೆಗೆ ಹೇಗೆ ಬಂತೆಂದು ಹೇಳುತ್ತೇನೆ.

ನನ್ನ ಗಂಡ ಬೀರೇಶ ಕೆರೂರಿಗೂ ಕುಳಗೇರಿ ಕ್ರಾಸಿಗೂ ನಡುವೆ ಇರುವ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರರಾಗಿದ್ದರು. ವಯಸ್ಸು ಮೂವತ್ತಾರು. ಒಂದು ಸೋಮವಾರ ಹಾಜರಿ ಕರೆಯುತ್ತ ಎದೆ ಹಿಡಿದುಕೊಂಡು ಕುಳಿತರು. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಈ ವಿಷಯ ಇಷ್ಟು ಸಾಕು.

ಹನ್ನೊಂದನೆಯ ದಿನ ಮಾಳಿಗೆಯ ಮೇಲೆ ಅವರಿಗೆ ಎಡೆ ಇಟ್ಟೆವು. ಎಣಗಾಯಿ, ಹೋಳಿಗೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪಕ್ಕದಲ್ಲಿ ಅವರ ನೀಲಿ ಅಂಗಿ. ಎಡೆಯನ್ನು ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಸತ್ತವರಿಗೆ ಆಸೆ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಆಗ ಆ ಆಸೆ ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದದ್ದು ಸಿಕ್ಕ ಕೂಡಲೇ ಕಾಗೆ ಬರುತ್ತದೆ.

ಕಾಗೆ ಬಂದಿತ್ತು. ಕರೆಂಟಿನ ತಂತಿಯ ಮೇಲೆ ಕುಳಿತು ಕೊಕ್ಕು ಒರೆಸಿಕೊಳ್ಳುತ್ತಿತ್ತು. ಕೆಳಗೆ ಐವತ್ತು ಜನ ನೆಂಟರು ಹಸಿದಿದ್ದರು. ಮೊದಲು, ನಿಮ್ಮವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಹೇಳಲಾಯಿತು. ಕಾಗೆ ಅಲುಗಲಿಲ್ಲ. ಶಾಲೆಗೆ ಬಣ್ಣ ಹಚ್ಚಿಸುತ್ತೇವೆ ಎಂದರು. ಮೋಟಾರ್ ಸೈಕಲ್ ಮಾರುವುದಿಲ್ಲ ಎಂದರು. ಕಸ್ತೂರಿಯನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ಒಬ್ಬರು ಮಾತು ಕೊಟ್ಟರೆ, ಕಸ್ತೂರಿ ಎಲ್ಲಿಗೆ ಹೋಗುತ್ತೇನೆಂದರೂ ಕಳಿಸುತ್ತೇವೆ ಎಂದು ಅದೇ ಉಸಿರಿನಲ್ಲಿ ಇನ್ನೊಬ್ಬರು ಮಾತು ಕೊಟ್ಟರು. ಕಸ್ತೂರಿ ನಾನೇ. ನನ್ನನ್ನು ಯಾರೂ ಕೇಳಲಿಲ್ಲ, ಕಾಗೆಯೂ ಕೇಳಲಿಲ್ಲ. ಒಂದೂವರೆ ಗಂಟೆಯಾಯಿತು. ನೆಂಟರ ಪೈಕಿ ಒಬ್ಬರು, ಇದು ಬೇರೆ ಊರಿನ ಕಾಗೆ ಇರಬೇಕೆಂದು ಸಂಶಯ ವ್ಯಕ್ತಪಡಿಸಿದರು.

ಆಗ ನನ್ನ ಗಂಡನ ಕಾಕಾ ಪಾಂಡಪ್ಪ ಮುಂದೆ ಬಂದರು. ಅವರು ನಮ್ಮ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷರು. ಶಾಲೆ ಬಿಟ್ಟದ್ದು ನಾಲ್ಕನೆಯ ತರಗತಿಯಲ್ಲಿ, ಅಧ್ಯಕ್ಷತೆ ಮಾತ್ರ ಎರಡನೆಯ ಅವಧಿ. ಕಾಕಾ ನೀಲಿ ಅಂಗಿಯ ಕಿಸೆಗೆ ಕೈಹಾಕಿ ಮಡಿಸಿದ ಒಂದು ಕಾಗದ ತೆಗೆದರು. ಚಷ್ಮಾ ಇಲ್ಲದ್ದರಿಂದ ಕೈ ಉದ್ದ ಮಾಡಿ ಹಿಡಿದು, ಅಕ್ಷರಕ್ಕೊಂದು ಉಸಿರು ತೆಗೆದುಕೊಂಡು ಓದಿದರು: “ಭಾರತ ಮತ್ತು ಘಾನಾ. ಪ್ರಾಥಮಿಕ ಶಿಕ್ಷಣದ ಮೇಲೆ ಸರ್ಕಾರಗಳ ವೆಚ್ಚ. ಒಂದು ಹೋಲಿಕೆ. ಪೀಠಿಕೆ.”

ಪೀಠಿಕೆ ಎಂಬ ಪದದ ಕೆಳಗೆ ಏನೂ ಇರಲಿಲ್ಲ.

“ಬೀರೇಶಾ,” ಎಂದರು ಕಾಕಾ, ಕಾಗದವನ್ನು ಆಕಾಶಕ್ಕೆ ಎತ್ತಿ. “ಇದನ್ನ ಪೂರಾ ಮಾಡಸ್ತೀವೋ ಯಪ್ಪಾ.”

ಕಾಗೆ ನೇರವಾಗಿ ಇಳಿದು ಬಂತು. ನನ್ನ ಅಭಿಪ್ರಾಯದಲ್ಲಿ ಅದು ಎಣಗಾಯಿಗಾಗಿ ಬಂತು. ಆದರೆ ಆ ದಿನ ಅಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆ ಇರಲಿಲ್ಲ. ನೆಂಟರು ಎರಡೆರಡು ಪಂಕ್ತಿ ಉಂಡು, ಬೀರೇಶನಂಥ ಮಗ ಯಾರಿಗೂ ಸಿಗುವುದಿಲ್ಲ, ಸತ್ತ ಮೇಲೂ ಬೇರೆ ದೇಶದ ಮಕ್ಕಳ ಚಿಂತೆ ಮಾಡುತ್ತಾನೆ ಎಂದು ಹೇಳಿ ಬಸ್ಸು ಹತ್ತಿದರು.

ಹೀಗೆ ಘಾನಾ ನಮ್ಮ ಮನೆಗೆ ಬಂತು.

ಮೊದಲ ಬೆಳಿಗ್ಗೆ ಅತ್ತೆ ತಾಟು ಸರಿಸಿದಾಗ ನಾನು ಧೈರ್ಯ ಹೇಳಿದೆ. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡಿದವಳು. ಎರಡು ದಿನ ಕೊಟ್ಟರೆ ಮೊಬೈಲಿನಲ್ಲೇ ಅಂಕಿ ಹುಡುಕಿ ಹೋಲಿಕೆ ಬರೆದು ಮುಗಿಸುತ್ತೇನೆ ಎಂದೆ. ಅತ್ತೆ ಒಪ್ಪುವವರಿದ್ದರು. ಅಷ್ಟರಲ್ಲಿ ಕಾಕಾ ಬಂದರು.

ಕಾಕಾ ಜೀವನದಲ್ಲಿ ಯಾವ ಕೆಲಸವನ್ನೂ ಅರ್ಜಿ ಬರೆಯದೆ ಆರಂಭಿಸಿದವರಲ್ಲ. ತಮ್ಮ ಮಗನ ಮದುವೆಗೆ ಬೀಗರಿಗೂ ಅರ್ಜಿಯನ್ನೇ ಬರೆದಿದ್ದರು, ಮೂರು ಪ್ರತಿಗಳಲ್ಲಿ. ಅವರು ನನ್ನ ಮೊಬೈಲನ್ನು ಕನಿಕರದಿಂದ ನೋಡಿ ಅತ್ತೆಗೆ ಹೇಳಿದರು.

“ವೈನಿ, ಇದರಾಗ ಬಂದದ್ದು ಖಾಸಗಿ. ಸರ್ಕಾರ ಎಷ್ಟು ಖರ್ಚ ಮಾಡೈತಿ ಅಂತ ಸರ್ಕಾರನ ಹೇಳಬೇಕು. ಸಿಕ್ಕಾ ಇಲ್ಲದ ಕಾಗದಾನ ಮ್ಯಾಲಿನವರು ಒಪ್ಪೂದಿಲ್ಲ.”

ಮೇಲಿನವರು ಎಂದರೆ ಯಾರೆಂದು ಅವರು ಸ್ಪಷ್ಟಪಡಿಸಲಿಲ್ಲ. ಸಿಕ್ಕಾ, ಅಂದರೆ ಕಚೇರಿಯ ಮುದ್ರೆ ಇಲ್ಲದ ಕಾಗದದಿಂದ ನಮ್ಮ ಕಡೆ ಈ ತನಕ ಯಾರಿಗೂ ಏನೂ ಸಿಕ್ಕಿದ್ದಿಲ್ಲವಾದ್ದರಿಂದ ಅತ್ತೆಗೆ ಮಾತು ಸರಿ ಅನ್ನಿಸಿತು. ಸಿಕ್ಕಾ ಬರಲಿ, ಅಲ್ಲಿಯ ತನಕ ಚಹಾ ಮತ್ತು ಬಾಳೆಹಣ್ಣು ಸಾಕು ಎಂದರು.

ಮರುದಿನ ನಾವು ತಾಲೂಕಿನ ಒಂದು ಕಚೇರಿಗೆ ಹೋದೆವು. ಯಾವುದೆಂದು ಬರೆಯುವುದಿಲ್ಲ. ಅಲ್ಲಿರುವವರಿಗೂ ಮನೆ, ಸಂಸಾರ ಇದೆ. ಕಾಕಾನ ಅರ್ಜಿ ಎರಡು ಪುಟ ಇತ್ತು. ಮೃತ ಮಗನ ಆತ್ಮಶಾಂತಿಯ ಸಲುವಾಗಿ ಘಾನಾದ ಮಾಹಿತಿಯನ್ನು ದಯಪಾಲಿಸಬೇಕು, ತಡವಾದಲ್ಲಿ ಮೃತರು ನಡುದಾರಿಯಲ್ಲಿ ನಿಲ್ಲಬೇಕಾಗುತ್ತದೆ, ಅದರ ಹೊಣೆ ಇಲಾಖೆಯದು ಎಂದಿತ್ತು. ಮರಣದ ದಾಖಲೆಯ ಝೆರಾಕ್ಸ್ ಬೇಕೆಂದರು. ನಾನು ತರಲು ಹೊರಗೆ ಹೋದೆ. ಆ ಹತ್ತು ನಿಮಿಷದಲ್ಲಿ ಅನಾಹುತವಾಯಿತು.

ಗುಮಾಸ್ತೆ ಇಂದ್ರಾಬಾಯಿ ಕೆಲಸದಲ್ಲಿ ಬಹಳ ಚುರುಕು. ಅವರು ಅರ್ಜಿಯನ್ನು ಎರಡು ಸಲ ಓದಿ, ಈ ಘಾನಾ ಯಾವ ಯೋಜನೆಯಲ್ಲಿ ಬರುತ್ತದೆ ಎಂದು ಕೇಳಿದರಂತೆ. ಗೊತ್ತಿಲ್ಲ ಎಂದು ಹೇಳುವುದು ಕಾಕಾನ ರೂಢಿಯಲ್ಲಿಲ್ಲ.

“ಹೊಸಾದ್ರೀ ಬಾಯಾರ,” ಎಂದಿದ್ದರು. “ಮ್ಯಾಲಿಂದ ಬಂದೈತಿ. ನಿಮ್ಮಲ್ಲಿಗೆ ಇನ್ನೂ ಮುಟ್ಟಿರಾಕಿಲ್ಲ.”

ಹೊಸ ಯೋಜನೆ ಬಂದಿದೆ, ಕಚೇರಿಗೆ ತಿಳಿದಿಲ್ಲ, ಹಳ್ಳಿಯ ಮುದುಕನಿಗೆ ತಿಳಿದಿದೆ. ಇದಕ್ಕಿಂತ ದೊಡ್ಡ ಅಪಾಯ ಒಂದು ಕಚೇರಿಗೆ ಬೇರೆ ಇಲ್ಲ. ನಾನು ಝೆರಾಕ್ಸ್ ಹಿಡಿದು ಬರುವಷ್ಟರಲ್ಲಿ ಇಂದ್ರಾಬಾಯಿ ಅರ್ಜಿಗೆ ನಂಬರ್ ಹಾಕಿ, ಐದು ದಿನ ಬಿಟ್ಟು ಬರಲು ಹೇಳಿ ಮುಂದಿನವರನ್ನು ಕರೆದಾಗಿತ್ತು. ಘಾನಾ ಒಂದು ದೇಶ ಎಂದು ನಾನು ಹೇಳಿದೆ. ಅವರು ತಲೆ ಎತ್ತದೆ, ಅದನ್ನೂ ಬೇಕಾದರೆ ಷರಾದಲ್ಲಿ ಬರೆಯಿರಿ ಎಂದರು.

ಅದೇ ಸಂಜೆ ಎಲ್ಲ ಶಾಲೆಗಳ ಮುಖ್ಯ ಗುರುಗಳಿಗೆ ವಾಟ್ಸಾಪಿನಲ್ಲಿ ಸಂದೇಶ ಹೋಯಿತು. ವಿಷಯ: ಘಾನಾ ಮಾಹಿತಿ ಸಲ್ಲಿಸುವ ಕುರಿತು. ಅತಿ ತುರ್ತು. ನಾಳೆ ಹನ್ನೊಂದರೊಳಗೆ ನಮೂನೆಯಲ್ಲಿ ಭರ್ತಿ ಮಾಡಿ ಕಳಿಸುವುದು. ತಪ್ಪಿದಲ್ಲಿ ನಿಮ್ಮನ್ನೇ ಹೊಣೆ ಮಾಡಲಾಗುವುದು.

ನಮ್ಮ ಮುಖ್ಯ ಗುರುಗಳು ಪ್ರಾಮಾಣಿಕರು. ಯಾವುದನ್ನು ಕೇಳಿದರೂ ‘ನಿರಂಕ’, ಅಂದರೆ ಏನೂ ಇಲ್ಲ, ಎಂದು ಬರೆಯುತ್ತಾರೆ. ಆದರೆ ಎಲ್ಲರೂ ಅಷ್ಟು ಪ್ರಾಮಾಣಿಕರಲ್ಲ. ಒಂದು ಶಾಲೆಯವರು, ಘಾನಾ ಮೂರು ಇದ್ದು ಒಂದು ದುರಸ್ತಿಯಲ್ಲಿದೆ ಎಂದು ತಿಳಿಸಿದರು. ಇನ್ನೊಬ್ಬರು, ಘಾನಾ ಇನ್ನೂ ಬಂದಿರುವುದಿಲ್ಲ, ಬಂದ ತಕ್ಷಣ ಮಕ್ಕಳಿಗೆ ವಿತರಿಸಿ ಫೋಟೋ ಕಳಿಸಲಾಗುವುದು ಎಂದರು. ಮತ್ತೊಬ್ಬರು, ಇಲಿಗಳ ಕಾಟ ಇರುವುದರಿಂದ ಘಾನಾ ಇಡಲು ಕಬ್ಬಿಣದ ಪೆಟ್ಟಿಗೆ ಮಂಜೂರು ಮಾಡಬೇಕೆಂದು ಕೇಳಿದರು. ಒಬ್ಬ ಶಿಕ್ಷಕಿ ಬಾಯಿಯವರು ಮಾತ್ರ, ಹೋದ ವರ್ಷದ ಘಾನಾ ಮಕ್ಕಳಿಗೆ ರುಚಿಸಲಿಲ್ಲ, ಈ ಸಲ ಗುಣಮಟ್ಟ ಸುಧಾರಿಸಬೇಕು ಎಂದು ಧೈರ್ಯವಾಗಿ ಬರೆದಿದ್ದರು.

ಐದನೆಯ ದಿನ ಇಂದ್ರಾಬಾಯಿ ಎಲ್ಲವನ್ನೂ ಕೂಡಿಸಿ, ದುಂಡು ಸಿಕ್ಕಾ ಒತ್ತಿ, ಕಾಕಾನ ಕೈಗೆ ಕೊಟ್ಟರು. ತಾಲೂಕಿನಲ್ಲಿ ಒಟ್ಟು ನಲವತ್ತೊಂದು ಘಾನಾ ಇವೆ, ಆರು ದುರಸ್ತಿಯಲ್ಲಿವೆ ಎಂದು ಅದರಲ್ಲಿತ್ತು.

ಕಾಕಾ ಅದನ್ನು ಅತ್ತೆಯ ಮುಂದೆ ಹಬ್ಬದಂತೆ ಓದಿದರು. ಅತ್ತೆ ಅಕ್ಷರ ಕಲಿತವರಲ್ಲ, ಆದರೆ ಕಿವಿ ಚುರುಕು. ಸಿಕ್ಕಾವನ್ನು ಬೆರಳಿನಿಂದ ಸವರಿ ನೋಡಿದರು.

“ಸಿಕ್ಕಾ ಖರೆ ಐತಿ ಪಾಂಡಪ್ಪಾ,” ಎಂದರು. “ಆದ್ರ ನನ್ನ ಮಗ ಇದನ್ನ ಬರೀಲಿಕ್ಕ ಕುಂತಿದ್ದಿಲ್ಲ.”

ತಾಟು ಮತ್ತೆ ಹಿಂದಕ್ಕೆ ಸರಿಯಿತು.

ಇಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿತ್ತು. ಮೊಟ್ಟೆ, ಹಾಲಿನ ಜೊತೆ ಇನ್ನು ಮೇಲೆ ಮಕ್ಕಳಿಗೆ ಘಾನಾ ಕೊಡುತ್ತಾರೆ, ಬೀರೇಶ ಮಾಸ್ತರರೇ ಇದನ್ನು ತರಿಸಿದ್ದು, ಅದಕ್ಕೇ ಅವರ ಜೀವ ಅದರಲ್ಲಿತ್ತು ಎಂದು. ನಮ್ಮ ಬಾಗಿಲಿಗೆ ತಾಯಂದಿರು ಬರತೊಡಗಿದರು. ಒಬ್ಬಾಕೆ, ತನ್ನ ಅವಳಿ ಮಕ್ಕಳಿಗೆ ಒಂದೇ ಘಾನಾ ಕೊಟ್ಟರೆ ಜಗಳವಾಗುತ್ತದೆ, ಎರಡು ಬರೆಸಿ ಎಂದಳು. ಶನಿವಾರ ಕೊಟ್ಟರೆ ತಮ್ಮ ಮನೆಯಲ್ಲಿ ಉಪವಾಸ ಎಂದು ಇನ್ನೊಬ್ಬಳು ತಿಳಿಸಿ ಹೋದಳು.

ಇದನ್ನು ನಿಲ್ಲಿಸಲೇಬೇಕೆಂದು ನಾನು ಕುಳಗೇರಿ ಕ್ರಾಸಿಗೆ ಹೋದೆ. ಅಲ್ಲಿ ಯುನೂಸನ ಚಹಾ ಅಂಗಡಿ ಇದೆ. ಸುತ್ತಲಿನ ಏಳು ಹಳ್ಳಿಗೆ ಸುದ್ದಿ ಹೊರಡುವುದು ಅಲ್ಲಿಂದಲೇ. ಕಾಕಾನನ್ನೂ ಕರೆದುಕೊಂಡು ಹೋದೆ. ಅತ್ತೆಯೂ ಬಂದರು. ಮಗನ ವಿಷಯದಲ್ಲಿ ಏನು ಮಾತಾಡಿದರೂ ತಮ್ಮ ಮುಂದೆ ಆಗಬೇಕೆಂದರು. ಅಂಗಡಿಯ ಕಟ್ಟಿಗೆ ಬಾಕಿನ ಮೇಲೆ ಕುಳಿತರು, ಒಂದು ಬಾಳೆಹಣ್ಣು ಹಿಡಿದು.

ಘಾನಾ ತಿನ್ನುವ ವಸ್ತುವಲ್ಲ, ಆಫ್ರಿಕಾದ ಪಶ್ಚಿಮದ ಕಡಲಂಚಿನಲ್ಲಿರುವ ದೇಶ, ಅಲ್ಲಿ ಚಾಕಲೇಟಿನ ಕೋಕೋ ಬೆಳೆಯುತ್ತಾರೆ, ಅಲ್ಲಿಯೂ ನಮ್ಮಂಥ ಮಕ್ಕಳೇ ನಮ್ಮಂಥದ್ದೇ ಶಾಲೆಗೆ ಹೋಗುತ್ತಾರೆ ಎಂದು ಹೇಳಿದೆ. ಎಲ್ಲರೂ ಶಾಂತವಾಗಿ ಕೇಳಿದರು. ಆಮೇಲೆ ಒಬ್ಬರು, ಹಾಗಾದರೆ ಯಾರು ಮುಂದೆ ಇದ್ದಾರೆ ಎಂದು ಕೇಳಿದರು. ಅಲ್ಲಿಂದ ಅದು ಕ್ರಿಕೆಟ್ ಮ್ಯಾಚ್ ಆಯಿತು. ಘಾನಾದ ಪರವಾಗಿ ಇಬ್ಬರು ನಿಂತರು, ಬರೀ ಕಾಕಾನನ್ನು ಸಿಟ್ಟಿಗೆಬ್ಬಿಸಲು. ಕಾಕಾ ನನ್ನನ್ನು ಪಕ್ಕಕ್ಕೆ ಕರೆದು, ಸತ್ತವರ ಕೆಲಸದಲ್ಲಿ ಸುಳ್ಳು ಸೇರಿಸಬಾರದು ಖರೆ, ಆದರೂ ಭಾರತಕ್ಕೆ ಒಂದೀಟು ಸವಲತ್ತು ಮಾಡಿಕೊಡಲು ಬರುತ್ತದೆಯೇ ನೋಡು ತಂಗಿ ಎಂದರು.

ದೊಡ್ಡ ದೇಶದ ಒಟ್ಟು ಮೊತ್ತ ದೊಡ್ಡದೇ ಇರುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ, ಗಳಿಸಿದ್ದರಲ್ಲಿ ಎಷ್ಟು ಪಾಲು ಮಕ್ಕಳ ಓದಿಗೆ ಹೋಯಿತೆಂದು ನೋಡಬೇಕು ಎಂದು ನಾನು ವಿವರಿಸಿದೆ. ಯುನೂಸ, ಅಕ್ಕಾರೆ, ಒಂದು ಉದಾಹರಣೆ ಕೊಡಿ ಎಂದ.

ನಾನು ಅವನ ಮನೆಯನ್ನೇ ಉದಾಹರಣೆ ತೆಗೆದುಕೊಂಡೆ. ಈ ಇಡೀ ಪ್ರಕರಣದಲ್ಲಿ ನನ್ನದೆಂದು ಹೇಳಬಹುದಾದ ತಪ್ಪು ಇದೊಂದೇ.

ನೀನು ದಿನಕ್ಕೆ ಇಂತಿಷ್ಟು ಗಳಿಸುತ್ತೀ ಎಂದುಕೋ, ಅದರಲ್ಲಿ ಮಗಳು ಅರ್ಜುವಿನ ಓದಿಗೆ ಎಷ್ಟು, ನಿನ್ನ ಟಗರಿಗೆ ಎಷ್ಟು ಎಂದೆ. ಯುನೂಸನ ಟಗರು ಕಾಳಗಕ್ಕೆ ಸಾಕಿದ್ದು, ಜಿಲ್ಲೆಗೆಲ್ಲ ಪರಿಚಿತ. ಒಲೆಯ ಹಿಂದೆ ಅವನ ಹೆಂಡತಿ ನಜಮಾ ಭಜಿ ಕರಿಯುತ್ತಿದ್ದಳು. ಭಜಿ ಎತ್ತುವ ಝಾರಿ ಕೈಯಲ್ಲೇ ಇತ್ತು. ಅವಳು ಬೆರಳು ಮಡಿಸಿ ಎಣಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು.

“ಅರ್ಜು ನೋಟಬುಕ್ಕ ಕೇಳಿದ್ರ ಬರೂ ವಾರ ಅಂತೀರಿ. ಟಗರು ಎಂದೂ ಬದಾಮಿ ಕೇಳಿಲ್ಲ. ಅದಕ್ಕ ಕೇಳಲಾರದನ ಬರ್ತಾವ.”

ಅಂಗಡಿ ತುಂಬ ನಗು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ. ನಜಮಾ ಅವರ ಕಡೆ ತಿರುಗಿದಳು. ಅಂಗಡಿಯ ಎದುರಿಗೇ ಕಂಬಕ್ಕೆ ಕಟ್ಟಿದ ಹತ್ತು ಅಡಿಯ ಫ್ಲೆಕ್ಸ್ ಇತ್ತು. ಅದರಲ್ಲಿ ಕಾಕಾ ಕೈಮುಗಿದು ನಿಂತಿದ್ದರು, ಕೆಳಗೆ ‘ಶಿಕ್ಷಣಪ್ರೇಮಿ’ ಎಂದಿತ್ತು.

“ಕಾಕಾರ, ನಿಮ್ಮ ಮೊಮ್ಮಗಳು ಭಾಗ್ಯಜ್ಯೋತಿಯ ವರ್ಷದ ಪುಸ್ತಕಕ್ಕ ಎಷ್ಟ ಹತ್ತೇತ್ರಿ? ಮತ್ತ ಈ ಫ್ಲೆಕ್ಸಿಗೆ?”

ಕಾಕಾ ಬಸ್ಸು ಬಂತೇನೋ ಎಂದು ರಸ್ತೆಯ ಕಡೆ ನೋಡಿದರು. ಬಸ್ಸು ಬಂದಿರಲಿಲ್ಲ.

ಮರುದಿನದಿಂದ ಭಾರತವನ್ನೂ ಘಾನಾವನ್ನೂ ಎಲ್ಲರೂ ಮರೆತರು. ಹೋಲಿಕೆ ಮನೆಮನೆಗೆ ಹೊಕ್ಕಿತು. ಹೆಂಗಸರು ಲಗ್ನಪತ್ರಿಕೆಗಳ ಬೆನ್ನಿಗೆ, ಕ್ಯಾಲೆಂಡರಿನ ಅಂಚಿಗೆ, ಸಾಲದಾದಾಗ ಗೋಡೆಗೆ, ಪಾಲು ಬರೆಯತೊಡಗಿದರು. ಗುಟಖಾದ ಪಾಲು, ರೀಚಾರ್ಜಿನ ಪಾಲು, ಮೋಟಾರ್ ಸೈಕಲ್ಲಿನ ಸೈಲೆನ್ಸರಿನ ಪಾಲು, ಕೊನೆಗೆ ಬಲು ಸಣ್ಣ ಅಕ್ಷರದ ಮಕ್ಕಳ ಪಾಲು. ಬರೆಯಲು ಬಾರದವರು ಮಕ್ಕಳ ಕೈಯಿಂದ ಬರೆಸಿದರು. ಮಕ್ಕಳು ಅಷ್ಟು ಆಸಕ್ತಿಯಿಂದ ಗಣಿತ ಮಾಡಿದ್ದನ್ನು ಯಾವ ಇಲಾಖೆಯೂ ಕಂಡಿರಲಿಕ್ಕಿಲ್ಲ. ಟಗರು ಬಾದಾಮಿಯಿಂದ ಶೇಂಗಾಕ್ಕೆ ಇಳಿಯಿತು. ಅದರ ಮುಖ ನೋಡಲಾಗುವುದಿಲ್ಲ ಎಂದು ಯುನೂಸ ಅಂಗಡಿಗೆ ಬರುವವರಿಗೆಲ್ಲ ಹೇಳಿದ. ಕಾಕಾನ ಮನೆಯಲ್ಲಿ ಭಾಗ್ಯಜ್ಯೋತಿ ಫ್ಲೆಕ್ಸಿನ ಉದ್ದಗಲ ಅಳೆದು, ಒಂದು ಚದರಡಿಗೆ ಎಷ್ಟು ನೋಟಬುಕ್ಕು ಎಂದು ಲೆಕ್ಕ ಹಾಕಿದಳಂತೆ. ಕಾಕಾ ಎರಡು ದಿನ ಹೊರಗೆ ಕಾಣಲಿಲ್ಲ.

ಅತ್ತೆ ರೊಟ್ಟಿ ಬಿಟ್ಟ ಹತ್ತನೆಯ ದಿನ ಊರಿನ ಹನ್ನೊಂದು ಗಂಡಸರು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ಮುಂದೆ ಕಾಕಾ, ಹಿಂದೆ ಯುನೂಸ. ಹೋಲಿಕೆಯನ್ನು ನಿಲ್ಲಿಸಬೇಕು, ಇಲ್ಲವಾದರೆ ಊರಿನಲ್ಲಿ ಸಂಸಾರಗಳು ಉಳಿಯುವುದಿಲ್ಲ ಎಂದು ಅವರ ಮನವಿ. ನಾನು ಅತ್ತೆಯ ಕಡೆ ಕೈ ತೋರಿಸಿದೆ. ಆ ಬೆಳಿಗ್ಗೆಯೇ ಅವರು ನಳದ ಹತ್ತಿರ ಕೊಡ ಎತ್ತಲು ಹೋಗಿ ಕುಸಿದಿದ್ದರು. ಕೆರೂರಿನಿಂದ ಬಂದ ಡಾಕ್ಟರು, ಇನ್ನು ಎರಡು ದಿನ ಹೀಗೇ ಆದರೆ ಬಾಗಲಕೋಟೆಗೆ ಒಯ್ದು ಮಲಗಿಸಬೇಕಾಗುತ್ತದೆ ಎಂದು ನನ್ನನ್ನು ಬೈದು ಹೋಗಿದ್ದರು. ಅತ್ತೆ ಗೋಡೆಗೊರಗಿ ಕಣ್ಣುಮುಚ್ಚಿ ಕುಳಿತಿದ್ದರು.

“ನಿಲ್ಲಸಂದ್ರ ನಿಲ್ಲಸ್ತಾಳ,” ಎಂದರು, ಕಣ್ಣು ತೆರೆಯದೆ. “ನನ್ನ ಮಗ ಅಲ್ಲೇ ನಿಲ್ತಾನ. ನಾ ಇಲ್ಲೇ ನಿಲ್ತೇನಿ.”

ಹೋಲಿಕೆ ಮುಂದುವರಿದರೆ ಗಂಡಸರು ಮನೆಗೆ ಹೋಗುವಂತಿಲ್ಲ. ನಿಂತರೆ ಮುದುಕಿಯ ಜೀವ. ಇದಕ್ಕೆ ಅರ್ಜಿ ಬರೆಯಲು ಬರುತ್ತದೆಯೇ ಎಂದು ಕಾಕಾ ಯೋಚಿಸುತ್ತಿದ್ದುದು ಅವರ ತುಟಿಯಿಂದಲೇ ತಿಳಿಯುತ್ತಿತ್ತು.

ನಾನು ಒಳಗೆ ಹೋದೆ. ಸಿಕ್ಕಾ ಇರಲಿ ಬಿಡಲಿ, ಬೀರೇಶ ಎಲ್ಲಿಯಾದರೂ ನಾಲ್ಕು ಸಾಲು ಟಿಪ್ಪಣಿ ಮಾಡಿದ್ದರೆ ಅದನ್ನೇ ಬೆಳೆಸಿ ಮುಗಿಸೋಣ ಎನ್ನಿಸಿತು. ಟ್ರಂಕಿನ ತಳದಲ್ಲಿ, ಹಳೆಯ ಪರೀಕ್ಷಾ ಪತ್ರಿಕೆಗಳ ಕೆಳಗೆ, ದಿನಪತ್ರಿಕೆ ಸುತ್ತಿದ ಒಂದು ದಪ್ಪ ಪುಸ್ತಕ ಸಿಕ್ಕಿತು. ಜಗತ್ತಿನ ದೇಶಗಳ ಅಂಕಿಅಂಶಗಳ ಪುಸ್ತಕ, ಅಚ್ಚಾಗಿ ಮೂವತ್ತು ವರ್ಷದ ಮೇಲಾಗಿತ್ತು. ಎಷ್ಟೋ ಪುಟಗಳನ್ನು ಗೆದ್ದಲು ತಿಂದಿತ್ತು. ಭಾರತ ಮತ್ತು ಘಾನಾ ಮಾತ್ರ ಪೂರ್ತಿ ಉಳಿದಿದ್ದವು. ಘಾನಾವೇ ಏಕೆ ಎಂದು ಹತ್ತು ದಿನದಿಂದ ಊರು ಕೇಳುತ್ತಿದ್ದ ಪ್ರಶ್ನೆಗೆ ಗೆದ್ದಲಿನ ಹತ್ತಿರ ಉತ್ತರ ಇತ್ತು. ಮೊದಲ ಪುಟದಲ್ಲಿ ನೇರಳೆ ಬಣ್ಣದ ದುಂಡು ಸಿಕ್ಕಾ: ಮುರ್ತುಜಸಾಬ, ನಿವೃತ್ತ ಮುಖ್ಯೋಪಾಧ್ಯಾಯ, ಇಲಕಲ್ಲ. ಓದಿ ಮರಳಿಸುವುದು.

ನಾನು ಅದನ್ನು ಪಡಸಾಲೆಗೆ ತಂದೆ. ಕಾಕಾನ ಕಣ್ಣು ಸಿಕ್ಕಾದ ಮೇಲೆ ಬಿತ್ತು. ಮುಖಕ್ಕೆ ಎರಡು ದಿನಗಳ ನಂತರ ಕಳೆ ಬಂತು.

“ವೈನಿ,” ಎಂದರು, “ನಾವೆಲ್ಲಾ ತಪ್ಪ ತಿಳಕೊಂಡೇವಿ. ಹೋಲಿಕಿ ಮಾಡ್ರಿ ಅಂತ ಅಲ್ಲ ಅಂವಾ ಹೇಳಿದ್ದು. ಮಂದಿ ಪುಸ್ತಕ ತಂದೇನಿ, ಹೊಳ್ಳಿ ಕೊಡ್ರಿ ಅಂತ. ಸತ್ತವರ ಮನ್ಯಾಗ ಇಸಗೊಂಡ ವಸ್ತು ಇರಬಾರ್ದು. ಸಣ್ಣ ಹುಡುಗರಿಗೂ ಗೊತ್ತೈತಿ ಇದು.”

ಹನ್ನೊಂದು ಗಂಡಸರೂ ಒಂದೇ ಬಾಯಿಯಲ್ಲಿ ಹೌದೆಂದರು. ನಮ್ಮೂರಿನ ಇತಿಹಾಸದಲ್ಲಿ ಒಂದು ವಿಷಯಕ್ಕೆ ಇಷ್ಟು ಜನ ಒಪ್ಪಿದ್ದು ಅದೇ ಮೊದಲು. ಯುನೂಸನಂತೂ, ತನಗೆ ಮೊದಲಿನಿಂದಲೂ ಇದೇ ಅನುಮಾನ ಇತ್ತೆಂದು ಆಣೆ ಹಾಕಿದ. ಅತ್ತೆ ಕಣ್ಣು ತೆರೆದು ಕಾಕಾನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಹೇಳಿದರು.

“ನಾಳೆ ಹೋಗೂಣು. ನಾನೂ ಬರ್ತೇನಿ. ಅವರ ಕೈಯಾಗ ಕೊಟ್ಟಿಂದನ ಉಣ್ಣೂದು.”

ಬೇಡವೆಂದರೆ ಕೇಳುವವರಲ್ಲ. ಬಾಗಲಕೋಟೆಗೆ ಹೋಗಿ, ಅಲ್ಲಿಂದ ಹುನಗುಂದದ ಮೇಲೆ ಇಲಕಲ್ಲಿಗೆ ಬಸ್ಸು. ಕಾಕಾ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು, ನಿಲ್ದಾಣಕ್ಕೊಮ್ಮೆ ಇದೆಯೇ ಎಂದು ಮುಟ್ಟಿ ನೋಡಿದರು. ಹುನಗುಂದದಲ್ಲಿ ಅತ್ತೆಯ ತಲೆ ನನ್ನ ಹೆಗಲಿಗೆ ಬಿತ್ತು. ನಾನು ಎರಡು ಸಲ ಅವರ ಕೈ ಹಿಡಿದು ನಾಡಿ ನೋಡಿದೆ. ಕಂಡಕ್ಟರು ಏನಾಗಿದೆ ಎಂದು ಕೇಳಿದ. ಕಾಕಾ, ಘಾನಾ ಎಂದರು. ಅವನು ಇನ್ನೊಂದು ಪ್ರಶ್ನೆ ಕೇಳದೆ ಮುಂದೆ ಹೋದ.

ಮುರ್ತುಜಸಾಬರ ಮನೆ ನೇಕಾರರ ಓಣಿಯಲ್ಲಿ. ಎರಡೂ ಪಕ್ಕದಿಂದ ಮಗ್ಗದ ಸದ್ದು. ಎಂಬತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಗೋಡೆ ತುಂಬ ನಂಬರ್ ಹಚ್ಚಿದ ಪುಸ್ತಕಗಳು. ಚೀಲದಿಂದ ಪುಸ್ತಕ ಅರ್ಧ ಹೊರಬಂದದ್ದೇ ಗುರುತು ಹಿಡಿದರು. ಬೀರೇಶ ತಾನೇ ಏಕೆ ಬರಲಿಲ್ಲ, ಏಳು ವರ್ಷ ಆಯಿತು, ಸಿಕ್ಕಾಗಲೆಲ್ಲ ಇನ್ನೇನು ಮುಗಿಯಿತು ಸರ್ ಅನ್ನುತ್ತಾನೆ ಎಂದರು. ನಾನು ಹೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ನಾನು ಪುಸ್ತಕ ಮುಂದೆ ಮಾಡಿದೆ. ಅವರು ಕೈ ಚಾಚಲಿಲ್ಲ.

“ಸಿಟ್ಟ ಆಗಬ್ಯಾಡ್ರಿ ತಂಗಿ,” ಎಂದರು. “ನಲವತ್ತ ವರ್ಷದ ರೂಢಿ ಐತಿ ನಂದು. ಪುಸ್ತಕ ಹೊಳ್ಳಿ ತಗೋಳೂ ಮೊದ್ಲ ಪ್ರಶ್ನಿ ಕೇಳ್ತೇನಿ. ಓದಲಾರದ ಕೊಟ್ರ ತಗೊಳ್ಳೂದಿಲ್ಲ. ಬೀರೇಶಗೂ ಹಂಗ ಹೇಳಿ ಕೊಟ್ಟಿದ್ದೆ.”

ಅತ್ತೆ ನೆಟ್ಟಗೆ ಕುಳಿತರು. ಇದು ಅವರಿಗೆ ಹೊಸ ಸುದ್ದಿ. ಪುಸ್ತಕ ಇವರು ತೆಗೆದುಕೊಳ್ಳದಿದ್ದರೆ ರೊಟ್ಟಿ ಇಲ್ಲ. ನಾನು ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ, ಅಧ್ಯಕ್ಷನ ನೆಲೆಯಲ್ಲಿ, ತಾವೇ ಎದ್ದು ನಿಂತರು. ಘಾನಾ ನಮ್ಮ ತಾಲೂಕಿನಲ್ಲಿ ನಲವತ್ತೊಂದು ಇವೆ, ಸಿಕ್ಕಾ ಸಹಿತ ದಾಖಲೆ ಇದೆ ಎಂದರು. ಮುರ್ತುಜಸಾಬರು ಅವರನ್ನು ಬಾಗಿಲ ಹತ್ತಿರ ಹೋಗಿ ಕುಳಿತುಕೊಳ್ಳಲು ಹೇಳಿದರು. ಕಾಕಾ ನಾಲ್ಕನೆಯ ತರಗತಿಯಲ್ಲಿ ಹೋದಂತೆಯೇ ಹೋಗಿ ಕುಳಿತರು.

“ನನ್ನ ಕೇಳ್ರಿ,” ಎಂದರು ಅತ್ತೆ.

ಮುರ್ತುಜಸಾಬರು ಅವರ ಕಡೆ ತಿರುಗಿ ಚಷ್ಮಾ ಸರಿಮಾಡಿಕೊಂಡರು. ಘಾನಾ ಎಲ್ಲಿದೆ ಎಂದು ಕೇಳಿದರು.

“ಕಡಲ ದಂಡಿಗೆ. ಅವರು ಕೋಕೋ ಬೆಳೀತಾರ, ನಾವು ಜ್ವಾಳ ಬೆಳೀತೀವಿ. ಮಕ್ಕಳನ್ನ ಇಬ್ರೂ ಸಾಲಿಗೆ ಕಳಸ್ತೀವಿ.”

“ಸಾಲಿಗೆ ಯಾವ ದೇಶ ಹೆಚ್ಚ ಖರ್ಚ ಮಾಡ್ತೈತಿ?”

“ಹಂಗ ಕೇಳೂದು ತಪ್ರೀ ಸರ್. ಎಷ್ಟ ಕೊಟ್ರು ಅಂತ ಕೇಳಬಾರ್ದು. ಗಳಿಸಿದ್ರಾಗ ಎಷ್ಟ ಕೊಟ್ರು ಅಂತ ಕೇಳಬೇಕು.”

“ಹಂಗಾರ ಗಳಿಸಿದ್ರಾಗ ಯಾರದು ಹೆಚ್ಚು?”

“ಇದು ಹಳೇ ಪುಸ್ತಕ ಅಂತ ನನ್ನ ಸೊಸಿ ಹೇಳ್ಯಾಳ. ಹಳೇ ಪುಸ್ತಕ ನೋಡಿ ಈಗಿನ ಮಂದಿಗೆ ಮುಂದ, ಹಿಂದ ಅನ್ನಬಾರ್ದು. ಮೊದ್ಲ ನಮ್ಮ ನಮ್ಮ ಮನಿ ನೋಡಕೋಬೇಕು.”

ಬಾಗಿಲ ಹತ್ತಿರ ಕಾಕಾ ಕೆಮ್ಮಿದರು. ಮುರ್ತುಜಸಾಬರು ಒಂದು ಚೀಟಿಯಲ್ಲಿ ಏನೋ ಬರೆದು, ಕೂಡಿಸಿ, ಗಂಭೀರವಾಗಿ ಫಲಿತಾಂಶ ಹೇಳಿದರು. ಪಾಸ್. ಕೇಳಿದವರ ಪ್ರಶ್ನೆಯೇ ತಪ್ಪೆಂದು ಹೇಳಿದ್ದಕ್ಕೆ ಅರ್ಧ ಅಂಕ ಕಡಿಮೆ.

“ಹಂಗಾರ ನನ್ನ ಮಗಂದು ಮುಗೀತೇನ್ರಿ?” ಎಂದು ಅತ್ತೆ ಕೇಳಿದರು.

“ಮುಗೀತವ್ವಾ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಳಮನೆಯ ಕಡೆ ನೋಡಿ, ರೊಟ್ಟಿ ಇದ್ದರೆ ಒಂದು ಕೊಡುತ್ತೀರಾ ಎಂದರು. ಮುರ್ತುಜಸಾಬರ ಸೊಸೆ ನಾಲ್ಕು ತಂದಳು, ಜೊತೆಗೆ ಪುಂಡಿಪಲ್ಲೆ. ಅತ್ತೆ ಮೊದಲನೆಯದನ್ನು ಮುರಿಯುವ ಸದ್ದು ಮಗ್ಗದ ಸದ್ದಿನ ನಡುವೆಯೂ ಕೇಳಿಸಿತು. ನಾನು ಮಾತ್ರೆಯ ಪೊಟ್ಟಣ ಬಿಚ್ಚಿ ಪಕ್ಕದಲ್ಲಿಟ್ಟೆ.

ಆದರೂ ಮುರ್ತುಜಸಾಬರು ಪುಸ್ತಕ ತೆಗೆದುಕೊಳ್ಳಲಿಲ್ಲ. ಪುಟ ತಿರುವಿ ನೋಡಿ, ಪೆನ್ಸಿಲಿನ ಗೆರೆಗಳಿವೆ, ಗೆರೆ ಇದ್ದರೆ ಒರೆಸಿ ಕೊಡುವುದು ಎರಡನೆಯ ನಿಯಮ ಎಂದು, ಮೇಜಿನ ಡ್ರಾದಿಂದ ಒಂದು ರಬ್ಬರ್ ತೆಗೆದು ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೆ, ಇರಲಿ ಬಿಡಿ ತಂಗಿ, ಈ ಸಲ ಬೇಡ ಎಂದರು. ಇಲ್ಲ, ನಿಯಮ ಅಂದರೆ ನಿಯಮವೇ ಎಂದು ನಾನು ಕುಳಿತೆ.

ಭಾರತದ ಪುಟಗಳಲ್ಲಿ ಒಂಬತ್ತು ಗೆರೆಗಳಿದ್ದವು, ಒರೆಸಿದೆ. ಘಾನಾದ ಮೊದಲ ಪುಟದಲ್ಲಿ ನಾಲ್ಕು. ಎರಡನೆಯ ಪುಟದ ಅಂಚಿನಲ್ಲಿ ಗೆರೆ ಇರಲಿಲ್ಲ, ಬರಹ ಇತ್ತು. ಬೀರೇಶರ ಹಾಜರಿ ಪುಸ್ತಕದ ಅದೇ ದುಂಡಗಿನ ಅಕ್ಷರ: ‘ಪ್ರಾಥಮಿಕ ಅಂದ್ರ ಅವರಲ್ಲಿ ಆರು ವರ್ಷ, ನಮ್ಮಲ್ಲಿ ಐದು. ಹೆಂಗ ಹೋಲಿಸೂದು? ಕಸ್ತೂರಿಗೆ ಕೇಳಬೇಕು.’

ರಬ್ಬರ್ ನಿಂತದ್ದನ್ನು ಮುರ್ತುಜಸಾಬರು ನೋಡಿದರು. ಅಲ್ಲೇನು ತೊಡಕು ಎಂದರು. ನಾನು ಓದಿ ಹೇಳಿದೆ.

“ಮತ್ತ ಹೆಂಗ ಹೋಲಿಸಬೇಕ್ರಿ?” ಎಂದು ಕೇಳಿದರು, ನಿಜವಾಗಿಯೂ ತಿಳಿಯದವರಂತೆ.

“ಒಂದು ಮಗು, ಒಂದು ವರ್ಷ ಅಂತ ಹಿಡಕೊಂಡ್ರ ಆತ್ರಿ,” ಎಂದೆ. “ಒಟ್ಟು ಖರ್ಚನ್ನ ಮಕ್ಕಳ ಸಂಖ್ಯಾದಿಂದ ಭಾಗಸಬೇಕು. ಆರು ವರ್ಷ ಇರಲಿ, ಐದು ಇರಲಿ, ಅಡ್ಡ ಬರೂದಿಲ್ಲ.”

“ಅಷ್ಟನ?”

“ಅಷ್ಟನ.”

ಆ ಸಾಲನ್ನೂ ಒರೆಸಿದೆ. ರಬ್ಬರಿನ ಪುಡಿಯನ್ನು ಊದಿ, ಪುಸ್ತಕ ಮುಚ್ಚಿ, ಅವರ ಕೈಗೆ ಕೊಟ್ಟೆ.